ಬರೀ ಡಾಕ್ಟರು

"ನೀವು ಬರೀ ಡಾಕ್ಟರಾ?"

ಕೇಳಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ಪದವಿಯ ನಂತರ ಮುಂದೆ ಓದಿದ್ದೀರಾ ಎಂದು ಕೇಳಬೇಕಿತ್ತು. ಬೆಳಗಿನಿಂದ ಒಂಬತ್ತು ಕ್ಲಿನಿಕ್ ಸುತ್ತಿ ಬಾಯಿ ಸೋತಿತ್ತು.

ಮೂಲೆ ಡಾಕ್ಟರು ತಲೆ ಎತ್ತಲಿಲ್ಲ. ಮಗುವಿನ ಬೆನ್ನಿಗಿಡುವ ಮುನ್ನ ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡುತ್ತಿದ್ದರು.

"ಹೌದು, ಬರೀ ಡಾಕ್ಟರೇ. ಫಾರಂ ಇಟ್ಟು ಹೋಗಿ."

ಕ್ಲಿನಿಕ್ ರಸ್ತೆಯ ಮೂಲೆಯಲ್ಲಿದ್ದುದರಿಂದ ಅವರಿಗೆ ಆ ಹೆಸರು. ಅವಳೂ ಡಾಕ್ಟರೇ. ಕುಟುಂಬ ವೈದ್ಯರಿಗಾಗಿ ಇರುವ ಎರಡು ವರ್ಷದ ಸ್ನಾತಕೋತ್ತರ ತರಬೇತಿ ಮುಗಿಸಿ, ಆ ತರಬೇತಿಯ ಬಗ್ಗೆ ಉಳಿದ ವೈದ್ಯರಿಗೆ ಏನನ್ನಿಸುತ್ತದೆ ಎಂಬ ಸಮೀಕ್ಷೆಗೆ ಹೊರಟಿದ್ದಳು.

ಮರುದಿನ ಫಾರಂ ಸಿಕ್ಕಿತು. ಸೇರುವಿರಾ? ಇಲ್ಲ. ಕಾರಣ? ಅಗತ್ಯವಿಲ್ಲ.

'ಎಷ್ಟು ಜಂಬ...' ಎಂದುಕೊಂಡಳು. ಆದರೆ ಆ ಬೆಚ್ಚಗಿನ ಬಿಲ್ಲೆ ಮನಸ್ಸಿನಿಂದ ಹೋಗಲಿಲ್ಲ. ಸಹಿ ಬಿಟ್ಟಿದೆ, ದಿನಾಂಕ ಬಿಟ್ಟಿದೆ ಎನ್ನುತ್ತಾ ಮತ್ತೆ ಮತ್ತೆ ಬಂದಳು.

"ಪ್ರಶ್ನೆ ಮೇಡಂ ಬಂದ್ರು," ಎನ್ನುತ್ತಿದ್ದರು ಅಲ್ಲಿನ ಹಿರಿಯ ನರ್ಸಮ್ಮ. "ಇವತ್ತೇನು ಬಿಟ್ಟಿದೆ, ಫುಲ್‌ಸ್ಟಾಪಾ?"

ಡಾಕ್ಟರು ನಗುತ್ತಿರಲಿಲ್ಲ. ಆದರೆ ಫ್ಯಾನಿನ ಕೆಳಗೊಂದು ಕುರ್ಚಿ ಅವಳಿಗಾಗಿ ಖಾಲಿಯಿರುತ್ತಿತ್ತು.

ಒಂದು ಮಧ್ಯಾಹ್ನ ಡಾಕ್ಟರು ರೋಗಿಯೊಬ್ಬರ ಮನೆಗೆ ಹೋಗಿದ್ದರು. ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬರುವ ಅಜ್ಜ ಕಾಯುತ್ತಿದ್ದ. ತಾನೇ ಕಟ್ಟೋಣವೆಂದು ಹತ್ತಿಗಾಗಿ ಡ್ರಾಯರ್ ಎಳೆದಳು. ಒಳಗೊಂದು ದಪ್ಪ ಪುಸ್ತಕ. ಅವಳ ತರಬೇತಿಯ ಪುಸ್ತಕವೇ! ಪುಟಪುಟಕ್ಕೂ ಪೆನ್ಸಿಲ್ ಗೆರೆ.

"ಅಗತ್ಯ ಇಲ್ಲ ಅಂತ ಬರೆದ್ರಲ್ಲ ಇವ್ರು?"

"ಆ ತರಬೇತಿಗೆ ಅಂತ ವಾರಕ್ಕೆ ಮೂರು ದಿನ ಬಾಗಿಲು ಹಾಕಿದ್ರೆ ಈ ಅಜ್ಜನ ಕಾಲು ಯಾರಮ್ಮ ನೋಡ್ಬೇಕು?" ಎಂದರು ನರ್ಸಮ್ಮ. "ಮೂರು ವರ್ಷದಿಂದ ಅದೊಂದೇ ಯೋಚನೆ. ಮೇಲೆ ನೀವು ಬೇರೆ, 'ಬರೀ' ಅಂದ್ಬಿಟ್ರಿ."

ಅವಳು ಪುಸ್ತಕವನ್ನು ಇದ್ದಲ್ಲೇ ಇಟ್ಟು ಅಜ್ಜನ ಕಾಲಿಗೆ ಪಟ್ಟಿ ಕಟ್ಟತೊಡಗಿದಳು.

ತರಬೇತಿಯ ಅರ್ಜಿಗೆ ಕೊನೆಯ ದಿನ, ಕಡೆಯ ರೋಗಿ ಹೋದ ಮೇಲೆ, ಡಾಕ್ಟರ ಮುಂದೆ ಅರ್ಜಿ ಇಟ್ಟಳು.

"ಅವತ್ತು ನಾನು ಹಾಗೆ ಕೇಳಬಾರದಿತ್ತು."

"ನೆಂಟರಿಷ್ಟರೆಲ್ಲ ಕೇಳೋದೂ ಅದನ್ನೇ. ರೂಢಿಯಾಗಿದೆ." ಅವರು ಕನ್ನಡಕ ತೆಗೆದು ಒರೆಸಿದರು. "ನಿಮ್ಮ ಬಾಯಲ್ಲಿ ಕೇಳಿದಾಗ ಮಾತ್ರ ಯಾಕೋ... ನೋವಾಯ್ತು."

"ಮೊದಲ ದಿನವೇ?"

"ಮೊದಲ ದಿನವೇ."

ಅವಳು ಅರ್ಜಿಯನ್ನು ಅವರತ್ತ ಸರಿಸಿದಳು. "ಈ ವಾರ ನನ್ನ ಸಮೀಕ್ಷೆ ಮುಗಿಯುತ್ತೆ. ಆ ಮೂರು ದಿನ ಇಲ್ಲಿ ನಾನು ಕೂರ್ತೀನಿ. ಅಜ್ಜನನ್ನ ಕೇಳಿಯಾಗಿದೆ. ಪಟ್ಟಿ ನಿಮಗಿಂತ ಚೆನ್ನಾಗಿ ಕಟ್ತೀನಂತೆ."

ಅವರು ಮೊದಲ ಬಾರಿ ನಕ್ಕರು.

ಅರ್ಜಿ ತುಂಬಲು ಅವಳೇ ಕುಳಿತಳು. 'ನಿಮ್ಮ ಗೈರುಹಾಜರಿಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರು' ಎಂಬಲ್ಲಿ ತನ್ನ ಹೆಸರು ಬರೆದಳು. ಕೆಳಗೆ, 'ನಿಮಗೂ ಅವರಿಗೂ ಸಂಬಂಧ'. ಪೆನ್ನು ನಿಂತಿತು.

"ಇಲ್ಲೇನು ಬರೀಲಿ?"

ಅವರು ಕನ್ನಡಕ ಮತ್ತೆ ಹಾಕಿಕೊಂಡರು.

"ನಿನಗೆ ಒಪ್ಪಿಗೆ ಇದ್ರೆ... ಹೆಂಡತಿ ಆಗೋವಳು ಅಂತ ಬರೀ."

ಬರೀರಿ ಅಲ್ಲ, ಬರೀ. ಅಷ್ಟು ದಿನದ ಬಹುವಚನ ಎಲ್ಲಿ ಜಾರಿತೋ. ಅವಳ ಕಿವಿ ಬಿಸಿಯಾಯಿತು.

"ಬರೀ ಹೆಂಡತಿ ಅಂತಾನಾ?"

"ತಪ್ಪಾಯ್ತು. ಡಾಕ್ಟರು ಅಂತಾನೂ ಸೇರಿಸು."

ಎರಡನ್ನೂ ಬರೆದು ಪೆನ್ನು ಅವರ ಕೈಗಿಟ್ಟಳು. ಅವರ ಬೆರಳುಗಳು ತಣ್ಣಗಿದ್ದವು. ಆ ಕೈಯನ್ನು ತನ್ನ ಅಂಗೈಗಳ ನಡುವೆ ಹಿಡಿದು, ಬೆಚ್ಚಗಾಗುವವರೆಗೂ ಬಿಡಲಿಲ್ಲ.

"ಈಗ ಸಹಿ ಹಾಕು," ಎಂದಳು.