ಎರಡು ತಲೆಯ ಹದ್ದಿಗೆ ಕಣ್ಣು

ಜಾವಳಿ ಹತ್ತಿರದ ಇಗರ್ಜಿಯಿಂದ ಫಾದರ್ ಗಾಬರಿಯಲ್ಲಿ ಫೋನ್ ಮಾಡಿದ್ರು. "ಮೇಘಶ್ರೀ, ಸ್ವಲ್ಪ ಬಂದು ನೋಡಮ್ಮ. ನಾಳೆ ಹಬ್ಬ. ಆ ದಯಾನಂದ ಆಲ್ಟರ್ ಮೇಲಿನ ಮೂರ್ತಿಗಳಿಗೆಲ್ಲ ಚೆಂದ ಬಣ್ಣ ಹಾಕಿದಾನೆ, ಆದರೆ ಯಾರಿಗೂ ಕಣ್ಣೇ ಬರೆದಿಲ್ಲ."

ಆ ಹೆಸರು ಕೇಳಿದ್ದೇ ತಡ, ಮುಡಿದ ಹೂವು ಸರಿ ಮಾಡ್ಕೊಂಡೆ. ನಾಚಿಕೆ ಬಿಟ್ಟು ಹೇಳ್ತೀನಿ, ಎರಡು ಸಲ ಕನ್ನಡಿ ನೋಡ್ಕೊಂಡೆ.

ದಯಾನಂದ ನಮ್ಮ ಎಸ್ಟೇಟ್ ಮೇಸ್ತ್ರಿ ಬೆಳ್ಳಿಯಪ್ಪನ ಮಗ. ದೇವಸ್ಥಾನಗಳಿಗೆ ಬಣ್ಣ ಹಾಕೋದು ಕಲಿತಿದ್ದ. ನಾನು ಮೈಸೂರಲ್ಲಿ ಚಿತ್ರಕಲೆ ಓದಿ, ಮೂಡಿಗೆರೆ ಸ್ಕೂಲಲ್ಲಿ ಡ್ರಾಯಿಂಗ್ ಟೀಚರ್. ಮಾರನೇ ದಿನಕ್ಕೆ ಅಪ್ಪ ನನ್ನನ್ನ ನೋಡೋಕೆ ಸಕಲೇಶಪುರದಿಂದ ಗಂಡಿನ ಕಡೆಯವರನ್ನ ಕರೆದಿದ್ರು. ಇವನೋ, ಈ ಕೆಲಸ ಮುಗಿದ ಕೂಡಲೇ ಗೋವಾಕ್ಕೆ ಹೊರಟೋನು. ಒಂದು ಮಾತೂ ಆಡದೆ ಹೋಗಿಬಿಟ್ರೆ ನನ್ನ ಕಥೆ ಅಲ್ಲಿಗೆ ಮುಗೀತು.

ಒಳಗೆ ಹೋದೆ. ಕಿಟಕಿಯಿಂದ ಬಿಸಿಲು ಇಳಿದು ಇಡೀ ಆಲ್ಟರ್ ಜೇನಿನ ಬಣ್ಣಕ್ಕೆ ತಿರುಗಿತ್ತು. ತಿರುಚಿಕೊಂಡು ಮೇಲೇರಿದ ಕಂಬಗಳು, ತೋಟದ ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದ ಹಾಗೆ ಅವಕ್ಕೆ ದ್ರಾಕ್ಷಿ ಬಳ್ಳಿ, ಗುಂಡು ಗುಂಡು ದೇವದೂತರು, ಅಂಗೈಯಲ್ಲಿ ಭೂಗೋಳ ಹಿಡಿದ ಬಾಲಯೇಸು. ಎಲ್ಲಕ್ಕಿಂತ ಮೇಲೆ ಕಿರೀಟ ಹೊತ್ತ ಎರಡು ತಲೆಯ ಹದ್ದು. ಎಲ್ಲರ ಕಣ್ಣೂ ಬೆಳ್ಳಗೆ.

"ಇದೇನೋ ಮಾರಾಯ, ಫಾದರ್‌ಗೆ ಎದೆ ಹಾರಿಸಿದೀಯಲ್ಲ."

"ಕಣ್ಣು ಕೊನೆಗೆ ಬರೆಯೋದು, ಟೀಚರ್," ಅಂದ. "ಉಪವಾಸ ಇದ್ದು, ಕನ್ನಡಿಯಲ್ಲಿ ನೋಡ್ಕೊಂಡು. ಮೂರ್ತಿಯ ಮೊದಲ ನೋಟ ಕನ್ನಡಿ ಮೇಲೇ ಬೀಳ್ಬೇಕು, ಮನುಷ್ಯರು ತಡ್ಕೊಳ್ಳಲ್ಲ. ಕನ್ನಡಿ ಹಿಡಿಯೋರು ಸಿಗಲಿಲ್ಲ."

"ಇದು ಇಗರ್ಜಿ ಕಣೋ. ಇಲ್ಲಿ ಆ ಪದ್ಧತಿ ಇಲ್ಲ."

"ನನ್ನ ಕೈಗೆ ಇದೆಯಲ್ಲ."

ಫಾದರ್ ತಲೆ ಕೆರ್ಕೊಂಡು, "ಒಟ್ಟು ಹಬ್ಬಕ್ಕೆ ಕಣ್ಣು ಬಂದ್ರೆ ಸಾಕು," ಅಂತ ಕಾಫಿ ಕುಡಿಯೋಕೆ ಹೋದ್ರು.

ನಾನು ಅಟ್ಟಣೆ ಹತ್ತಿ ಕನ್ನಡಿ ಹಿಡಿದೆ. ಅವನು ಮೂರ್ತಿಗಳ ಪಕ್ಕದಲ್ಲಿ ಓರೆಯಾಗಿ ನಿಂತು, ಕನ್ನಡಿ ನೋಡ್ತಾ ಒಂದೊಂದೇ ಕಣ್ಣು ತೆರೆಸಿದ. ನಡುನಡುವೆ ಅವನ ನೋಟ ಕನ್ನಡಿಯ ಅಂಚು ದಾಟಿ ಮೇಲೆ ಬರೋದು.

"ಕನ್ನಡಿ ನೋಡು."

"ಅದನ್ನೇ ನೋಡ್ತಿದೀನಿ."

"ಕನ್ನಡಿ ಇನ್ನೂ ಕೆಳಗಿದೆ."

ನಗು ನುಂಗಿ ಕಣ್ಣು ಇಳಿಸಿದ. ಕಿವಿ ಮಾತ್ರ ಕೆಂಪಗೆ ಉಳೀತು. ಅಯ್ಯೋ, ಆ ಕಿವಿ ನೋಡ್ತಾ ನಾನು ಸಂಜೆವರೆಗೂ ನಿಂತಿರ್ತಿದ್ದೆ.

ಕೊನೆಗೆ ಹದ್ದು ಉಳೀತು. "ಇದು ನಮ್ಮ ಗಂಡಭೇರುಂಡ ತಾನೆ?" ಅಂತ ಕೇಳಿದ.

"ಅಲ್ಲ. ಯೂರೋಪಿನ ಚಕ್ರವರ್ತಿಗಳ ಹದ್ದು. ಒಂದು ತಲೆ ದೇವರ ಕಡೆ, ಇನ್ನೊಂದು ರಾಜನ ಕಡೆ ಅಂತ ಕೆಲವರು ಅರ್ಥ ಹೇಳ್ತಾರೆ. ಬಾಲಯೇಸು ಕೈಯಲ್ಲಿ ಭೂಮಿ ಇದೆಯಲ್ಲ, ಲೋಕಕ್ಕೆಲ್ಲ ಅವನೇ ಒಡೆಯ ಅಂತ. ರಾಜರೂ ಅದೇ ಗೋಳ ಕೈಯಲ್ಲಿ ಹಿಡ್ಕೊಂಡು ಮೆರೀತಿದ್ರು."

"ಈ ಬಂಗಾರವೆಲ್ಲ?"

"ಸ್ವರ್ಗ ಹೀಗಿರುತ್ತೆ ಅಂತ ತೋರಿಸೋಕೆ. ಒಳಗೆ ಬಂದೋರು ಬಾಯಿ ಮುಚ್ಚಿ ಮಂಡಿ ಊರಲಿ ಅಂತಾನೂ ಹೌದು."

ಅವನು ಕುಂಚ ಅದ್ದಿದ. "ನಿಮ್ಮಪ್ಪನ ಮುಂದೆ ನಾವು ನಿಲ್ಲೋ ಹಾಗೆ," ಅಂದ. ಕೋಪ ಇರಲಿಲ್ಲ ಆ ಮಾತಲ್ಲಿ. ಅದಕ್ಕೇ ಹೆಚ್ಚು ನೋವಾಯ್ತು.

ಮೂರು ಕಣ್ಣು ಆಯ್ತು. "ಕನ್ನಡಿ ಅಲುಗಿಸಬೇಡಿ. ಇನ್ನೊಂದೇ."

"ಆಮೇಲೆ?"

"ಸಂಜೆ ಬಸ್ಸು."

"ಅಷ್ಟೇನಾ?"

"ಇನ್ನೇನಿದೆ, ಟೀಚರ್." ಕುಂಚ ಹದ್ದಿನ ಕಣ್ಣಿಗೆ ಮುಟ್ಟಿತ್ತು.

ನನಗೆ ಎಲ್ಲಿಂದ ಸಿಟ್ಟು ಬಂತೋ. ಕನ್ನಡಿ ಕೆಳಗಿಳಿಸಿಬಿಟ್ಟೆ.

"ಏನ್ ಮಾಡ್ತಿದೀರಿ? ಎತ್ತಿ ಹಿಡೀರಿ, ಮಾರಾಯ್ತಿ."

"ಬೀಳಲಿ ನನ್ನ ಮೇಲೆ. ಆ ಹಕ್ಕಿಗಾದ್ರೂ ಕಾಣಲಿ ನಾನು ಎದುರಿಗೆ ನಿಂತಿರೋದು."

ಅವನು ಕುಂಚ ಬಿಸಾಕಿ, ಒಂದೇ ಹೆಜ್ಜೆಗೆ ಹದ್ದಿಗೂ ನನಗೂ ನಡುವೆ ಬಂದು ನಿಂತ. ಅಟ್ಟಣೆ ಹಲಗೆ ಕಿರ್ ಅಂತು. ನೋಟವೆಲ್ಲ ತನ್ನ ಬೆನ್ನಿಗೇ ಬೀಳಲಿ ಅಂತ ಎರಡೂ ತೋಳು ಅಗಲಿಸಿದ್ದ. ಅಷ್ಟು ಹತ್ತಿರದಲ್ಲಿ ಅವನ ಉಸಿರಿಗೆ ಟರ್ಪೆಂಟೈನ್ ವಾಸನೆ ಇತ್ತು.

"ನಿನಗೇನಾದ್ರೂ ಆದ್ರೆ?" ಅಂದೆ.

"ನನಗೆ ಆಗಲಿ. ನಿಮಗೆ ಬೇಡ. ಎಷ್ಟು ವರ್ಷದಿಂದ ಹೇಳ್ಬೇಕು ಅಂತಿದ್ದೆ. ಇಷ್ಟ ನನಗೆ ನೀವು. ಆದರೆ ದೊಡ್ಡೋರ ಮನೆ, ಹೆದರಿದ್ದೆ."

"ದೇವರು, ರಾಜ ಇಬ್ಬರಿಗೂ ಬೆನ್ನು ಹಾಕಿ ನಿಂತಿದೀಯ. ಇನ್ನು ನಮ್ಮಪ್ಪ ಯಾವ ಲೆಕ್ಕ?"

ಅವನು ನಕ್ಕ. ನಾನು ಅತ್ತೆ. ಕೈಗೆ ಕೈ ಯಾವಾಗ ಸೇರಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

"ಬಸ್ಸು?" ಅಂದೆ.

"ಹೋಗಲಿ ಅದು. ನಾಳೆ ಬೆಳಿಗ್ಗೆ, ಅವರು ಬರೋದ್ರೊಳಗೆ ಅಪ್ಪಯ್ಯನ ಕರ್ಕೊಂಡು ನಿಮ್ಮನೆಗೆ ಬರ್ತೀನಿ."

ಬೆಳ್ಳಿಯಪ್ಪ ಇಷ್ಟು ವರ್ಷ ನಮ್ಮ ಮನೆಗೆ ಬಂದಿದ್ದೆಲ್ಲ ಹಿತ್ತಲ ಕಡೆಯಿಂದಲೇ. ಅಲ್ಲೇ ನಿಂತು ಮಾತಾಡಿ, ಅಲ್ಲಿಂದಲೇ ಹೋಗೋರು.

"ಜಗುಲಿ ಹತ್ತಿ ಬನ್ನಿ, ಇಬ್ಬರೂ," ಅಂದೆ. "ಬಾಗಿಲು ನಾನೇ ತೆಗೀತೀನಿ."