ಗಾಳಿಗೋರಿಗಳ ಪಕ್ಕದ ಖಾಲಿ ಜಾಗ

ಲಾಯ್ ಅಡುಗೆಮನೆಯಿಂದ ಬರುವಷ್ಟರಲ್ಲಿ ಅತ್ತೆ ಪಟವನ್ನು ಪೀಠದಿಂದ ಇಳಿಸಿ ಮಂಚದ ಮೇಲೆ ಬೋರಲು ಹಾಕಿದ್ದಳು. ಬೆಳಿಗ್ಗೆ ಎದ್ದು ಹಿರಿಯರ ಪೀಠದ ಧೂಳು ಒರೆಸಿದ್ದು, ಮಾವನ ಪಟದ ಪಕ್ಕದಲ್ಲಿ ಗಂಡ ಖಾಂಗ್‌ನ ಪಟ ಇಟ್ಟದ್ದು, ಅದರ ಮುಂದೆ ಒಂದು ಬಟ್ಟಲು ಅನ್ನ, ಒಂದು ಊದುಬತ್ತಿ... ಇಷ್ಟೇ ಲಾಯ್ ಮಾಡಿದ ತಪ್ಪು. ಊದುಬತ್ತಿ ಈಗ ನೀರಿನ ಬಕೆಟ್ಟಿನಲ್ಲಿ ತೇಲುತ್ತಿತ್ತು. ಅನ್ನವನ್ನು ಕೋಳಿಗಳು ಕೆದಕುತ್ತಿದ್ದವು.

"ಬದುಕಿರೋ ಮಗನಿಗೆ ಊದುಬತ್ತಿ ಹಚ್ತೀಯಾ?" ಅತ್ತೆ ಸಾಮ್ ಮುದುಕಿಯ ದನಿ ಏರಲಿಲ್ಲ. ಅವಳ ದನಿ ಎಂದೂ ಏರುತ್ತಿರಲಿಲ್ಲ. "ಅವನು ಸಾಯ್ಲೇಬೇಕು ಅಂತ ನಿನಗೆ ಅಷ್ಟು ಆಸೆನಾ?"

"ದೋಣಿ ಮುಳುಗಿ ಆರು ವರ್ಷ ಆಯ್ತು ಅತ್ತೆ. ಅವರ ಜೊತೆ ಹೋದ ಐದೂ ಜನರ ಮನೇಲಿ ಇವತ್ತು ತಿಥಿ ಅಡುಗೆ ಆಗ್ತಿದೆ. ನಮ್ಮನೇಲಿ ಒಲೆ ಕೂಡ..."

"ಅವರ ಗಂಡಂದಿರು ಸತ್ರು. ನನ್ನ ಮಗ ಸತ್ತಿಲ್ಲ. ಹೆತ್ತವಳಿಗೆ ಅದು ಗೊತ್ತಾಗತ್ತೆ. ಹೆರದೇ ಇರೋಳಿಗೆ ಏನು ಹೇಳೋದು?"

ಆ ಮನೆಯಲ್ಲಿ ಮಾತು ಯಾವಾಗಲೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಲಾಯ್ ಪಟವನ್ನು ಸೀರೆಪೆಟ್ಟಿಗೆಯಂತಹ ಹಳೆಯ ಮರದ ಪೆಟ್ಟಿಗೆಗೆ ಹಾಕಿ, ಎಲೆಟೋಪಿ ಇಟ್ಟುಕೊಂಡು, ಪ್ರವಾಸ ಕಂಪನಿಯ ಹಳದಿ ಬಾವುಟ ಹಿಡಿದು ಬಂದರಿನ ಕಡೆ ನಡೆದಳು. ಮುಖ್ಯಭೂಮಿಯಿಂದ ಎರಡು ದಿನದ ಪ್ರವಾಸದವರು ಬೆಳಗಿನ ದೋಣಿಯಲ್ಲಿ ಬರುವವರಿದ್ದರು. ಅವರ ಮುಂದೆ ನಗುವುದು ಅವಳ ಹೊಟ್ಟೆಪಾಡು.

ಲಿ ಸೊನ್ ದ್ವೀಪದಲ್ಲಿ ಕಡಲು ತಾನು ತೆಗೆದುಕೊಂಡ ಗಂಡಸನ್ನು ಹಿಂದಿರುಗಿಸುವುದಿಲ್ಲ. ಹಾಗೆಂದು ಅವನನ್ನು ನೀರಿನಲ್ಲೇ ಬಿಟ್ಟುಬಿಡಲೂ ಆಗುವುದಿಲ್ಲ. ಬೆಟ್ಟದ ಜೇಡಿಮಣ್ಣು ತಂದು, ಹಿಪ್ಪುನೇರಳೆಯ ಕಡ್ಡಿಗಳನ್ನು ಎಲುಬಾಗಿ ಜೋಡಿಸಿ, ಊರಿನ ಗುರು ಅವನ ಅಳತೆಯ ಬೊಂಬೆ ಮಾಡುತ್ತಾನೆ. ಕಡಲಿಗೆ ಮುಖ ಮಾಡಿ ಹೆಸರು ಕೂಗುತ್ತಾರೆ. ಪ್ರಾಣ ಮಣ್ಣಿಗೆ ಬಂದು ಸೇರುತ್ತದೆ. ಆಮೇಲೆ ಹೂಳುತ್ತಾರೆ. ಅದು ಗಾಳಿಗೋರಿ. ಖಾಂಗ್‌ನ ದೋಣಿಯಲ್ಲಿ ಹೋಗಿ ಮುಳುಗಿದ ಐವರಿಗೂ ಬೆಳ್ಳುಳ್ಳಿ ಹೊಲದ ಅಂಚಿನಲ್ಲಿ ಸಾಲಾಗಿ ಗಾಳಿಗೋರಿಗಳಾದವು. ಆರನೆಯದಕ್ಕೆ ಬಿಟ್ಟ ಜಾಗದಲ್ಲಿ ಹುಲ್ಲು ಬೆಳೆಯಿತು. ಮುದುಕಿ ಒಪ್ಪಲಿಲ್ಲ. ಬದುಕಿರುವವನಿಗೆ ಗೋರಿ ಕಟ್ಟಿದರೆ ಅವನು ಸಾಯುತ್ತಾನೆ ಎಂದಳು. ಊರು ಮುದುಕಿಯ ತಾಯ್ತನಕ್ಕೆ ಕೈಮುಗಿಯಿತು. ಲಾಯ್ ಮಾತ್ರ ಹೆಂಡತಿಯೂ ಆಗದೆ ವಿಧವೆಯೂ ಆಗದೆ ಉಳಿದಳು. ಅವಳಿಗೆ ಮರುಮದುವೆಯ ಆಸೆಯಿರಲಿಲ್ಲ. ಬೇಕಾಗಿದ್ದದ್ದು ಒಂದೇ, ಕೂತು ಅಳಲು ಒಂದು ಜಾಗ. ಗೋರಿಯಿಲ್ಲದ ಗಂಡನಿಗೆ ಅತ್ತರೆ ಅಪಶಕುನವೆಂದು ಅತ್ತೆ ಅವಳ ಬಾಯಿ ಮುಚ್ಚಿಸಿದ್ದಳು. ಮುಚ್ಚಿದ ಬಾಯಿ ಹಾಗೆಯೇ ಅಭ್ಯಾಸವಾಗಿತ್ತು.

ಆ ದಿನದ ಗುಂಪಿನಲ್ಲಿ ಗಲಾಟೆಯ ಜನವೇ ಹೆಚ್ಚು. ನಿವೃತ್ತ ಅಂಚೆ ಮಾಸ್ತರನೊಬ್ಬ ದೋಣಿಯಿಂದ ಇಳಿಯುತ್ತಲೇ ಮೂಗು ಹಿಡಿದುಕೊಂಡು, "ಇಲ್ಲಿ ಗಂಡ ಹೆಂಡ್ತಿ ಹತ್ತಿರ ಕೂತು ಜಗಳಾಡೋ ಹಾಗಿಲ್ಲ ನೋಡಿ, ಬಾಯಿ ತೆಗೆದ್ರೆ ಬೆಳ್ಳುಳ್ಳಿ," ಎಂದ. ಅವನ ಹೆಂಡತಿ, ನಿಮ್ಮ ಬಾಯಿ ಊರಲ್ಲೂ ಹಾಗೇನೇ ಎಂದಳು. ಎಲ್ಲರೂ ನಕ್ಕರು. ನಗದೆ ಇದ್ದವಳು ಒಬ್ಬಳೇ. ದಕ್ಷಿಣದ ರಾಕ್ ಜ್ಯಾ ಪಟ್ಟಣದಿಂದ ಒಂಟಿಯಾಗಿ ಬಂದವಳು, ಹೆಸರು ಚಿನ್. ನಲವತ್ತರ ಆಸುಪಾಸು, ಬಲೆ ಹೆಣೆದು ಬಿರುಕುಬಿಟ್ಟ ಬೆರಳುಗಳು. ಎದೆಗೆ ಒತ್ತಿ ಹಿಡಿದ ಬಟ್ಟೆಯ ಚೀಲವನ್ನು ಊಟಕ್ಕೆ ಕೂತಾಗಲೂ ಕೆಳಗಿಡಲಿಲ್ಲ. ಹೊತ್ತುಕೊಡಲು ಹೋದ ಲಾಯ್‌ಗೆ, ಬೇಡ ಅಕ್ಕ, ಅಭ್ಯಾಸ ಆಗಿದೆ ಎಂದಿದ್ದಳು.

ಮಧ್ಯಾಹ್ನ ಗಾಳಿಗೋರಿಗಳ ಹತ್ತಿರ ಲಾಯ್ ದಿನವೂ ಹೇಳುವುದನ್ನೇ ಹೇಳಿದಳು. ಮಣ್ಣು, ಕಡ್ಡಿ, ಕೂಗು. ತನ್ನ ಗಂಡನ ಹೆಸರು ಹೇಳಲಿಲ್ಲ, ಅದು ಕಂಪನಿಯ ಕಥೆಯಲ್ಲಿ ಇರಲಿಲ್ಲ. ಜನ ಫೋಟೊ ತೆಗೆದುಕೊಂಡು ವ್ಯಾನಿನ ಕಡೆ ಹೋದರು. ಚಿನ್ ಮಾತ್ರ ಕಲ್ಲಿನಿಂದ ಕಲ್ಲಿಗೆ ಹೋಗಿ, ಒಂದೊಂದು ಹೆಸರನ್ನೂ ಬೆರಳಿನಿಂದ ಮುಟ್ಟುತ್ತ ನಿಂತಿದ್ದಳು.

"ಅಕ್ಕ, ಈ ಊರಿನವನೇ, ಆದ್ರೆ ಹೊರಗೆ, ನೆಲದ ಮೇಲೆ ಸತ್ತ. ಅಂಥವನಿಗೆ ಇಲ್ಲಿ ಮಣ್ಣು ಕೊಡ್ತಾರಾ?"

"ಯಾಕೆ ಕೊಡಲ್ಲ? ಯಾರ ಮನೆಯವರು?"

ಚಿನ್ ಕಲ್ಲುಗಳನ್ನೇ ನೋಡುತ್ತಿದ್ದಳು. "ಈ ಐದು ಹೆಸರನ್ನ ನಮ್ಮನೆಯವರು ನಿದ್ದೇಲಿ ಹೇಳ್ತಿದ್ರು. ಹೀಗೇ, ಇದೇ ಸಾಲಲ್ಲಿ. ನಾನು ಅವರ ಅಣ್ಣತಮ್ಮಂದಿರೇನೋ ಅಂದ್ಕೊಂಡಿದ್ದೆ."

ಲಾಯ್‌ಗೆ ಅವರ ಹೆಸರು ಕೇಳಲು ಧೈರ್ಯ ಬರಲಿಲ್ಲ. ಕೇಳಿದರೆ ನಿಜವಾಗಿಬಿಡುತ್ತದೆ. ಬಾವುಟ ಎತ್ತಿ ಹಿಡಿದು, ವ್ಯಾನ್ ಕಾಯ್ತಿದೆ ಬನ್ನಿ ಎಂದಳು. ಉಳಿದ ಜಾಗಗಳನ್ನೆಲ್ಲ ತೋರಿಸಿದಳು, ಕಲ್ಲಿನ ಕಮಾನು, ಗುಹೆಯ ದೇವಾಲಯ, ಬೆಟ್ಟದ ಮೇಲಿನ ಗಾಳಿ... ಏನು ಹೇಳಿದಳೋ ಅವಳಿಗೇ ತಿಳಿಯಲಿಲ್ಲ.

ಸಂಜೆ ಗುಂಪು ದಡದ ಅಂಗಡಿಯಲ್ಲಿ ಕಡಲಪಾಚಿಯ ಕೋಸಂಬರಿ ತಿನ್ನುತ್ತಿದ್ದಾಗ ಇಬ್ಬರೂ ಬಂಡೆಗಳ ಮೇಲೆ ಕೂತಿದ್ದರು. ಚಿನ್ ತಾನಾಗಿಯೇ ಹೇಳಿದಳು, ಅಪರಿಚಿತರ ಮುಂದೆ ಜನ ಹೇಳಿಕೊಳ್ಳುವ ಹಾಗೆ. ಆರು ವರ್ಷದ ಹಿಂದೆ ಬೇರೆ ಊರಿನ ದೋಣಿಯೊಂದು ಅವನನ್ನು ನೀರಿನಿಂದ ಎತ್ತಿ ದಕ್ಷಿಣಕ್ಕೆ ಒಯ್ದಿತ್ತಂತೆ. ಮನೆಗೆ ಹೋಗು ಎಂದವರಿಗೆಲ್ಲ ಆಗುವುದಿಲ್ಲವೆಂದು ತಲೆಯಾಡಿಸುತ್ತಿದ್ದನಂತೆ. ಬಿರುಗಾಳಿಯ ಸೂಚನೆ ಇದ್ದಾಗ ಬೇಡವೆಂದವರನ್ನು ಒತ್ತಾಯಿಸಿ ಕರೆದೊಯ್ದವನು ತಾನೇ, ಐದು ಮನೆ ಮುಳುಗಿಸಿದವನು ಯಾವ ಮುಖ ಇಟ್ಟುಕೊಂಡು ದಡ ಹತ್ತಲಿ ಎಂದು. ಕುಡಿದು ಕುಡಿದು ಯಕೃತ್ತು ಕೆಟ್ಟು, ಕಳೆದ ತಿಂಗಳು ಸತ್ತನಂತೆ. ಚೀಲದಲ್ಲಿರುವುದು ಪುಟ್ಟ ಮಣ್ಣಿನ ಗಡಿಗೆ, ಅದರೊಳಗೆ ಅವನ ಬೂದಿ. ಒಂಟಿ ಹೆಂಗಸು ಊರಲ್ಲಿ ವಿಚಾರಿಸುತ್ತ ತಿರುಗಿದರೆ ಜನ ಪ್ರಶ್ನೆ ಕೇಳುತ್ತಾರೆ, ಪ್ರವಾಸದವರ ನಡುವೆ ಯಾರೂ ಕೇಳುವುದಿಲ್ಲವೆಂದು ಹೀಗೆ ಬಂದದ್ದು.

"ಮನೆಗೆ ಒಂದು ಸಲನೂ ತಿಳಿಸಲಿಲ್ವಾ?" ಲಾಯ್ ದನಿ ತನ್ನದಲ್ಲವೆಂಬಂತೆ ಕೇಳಿಸಿತು.

"ಅವರಮ್ಮನಿಗೆ ಫೋನ್ ಮಾಡ್ತಿದ್ರು, ವರ್ಷಕ್ಕೊಂದು ಸಲ. ಹೆಂಡ್ತೀನ ಕರೆಸ್ಕೋಬೇಕು ಅಂತ ಮೊದಲ ವರ್ಷ ಎಷ್ಟು ಒದ್ದಾಡಿದ್ರು... ಅವಳು ಬೇರೆ ಮದುವೆ ಆಗಿ ಹೋದ್ಲು ಅಂತ ಅಮ್ಮ ಹೇಳಿದ್ರಂತೆ. ಆಮೇಲೇನೇ ಅವರು ನನ್ನ ಮನೆಗೆ ಬಂದದ್ದು. ಆ ಹೆಂಗಸನ್ನ ಒಂದು ದಿನಾನೂ ಬೈಯ್ಯಲಿಲ್ಲ ಅಕ್ಕ. ಅವಳಾದ್ರೂ ಚೆನ್ನಾಗಿರಲಿ ಅಂತಿದ್ರು."

ಅಷ್ಟರಲ್ಲಿ ಅಂಗಡಿಯವಳು ಬಾಗಿಲಿಗೆ ಬಂದು ಕೂಗಿದಳು, "ಲಾಯ್, ಏ ಲಾಯ್, ಗಂಜಿ ಆರ್ತಾ ಇದೆ, ನಿಮ್ಮ ಮಾಸ್ತರು ನಿನ್ನ ಪಾಲೂ ತಿಂದುಬಿಡ್ತಾರೆ ನೋಡು."

ಆ ಹೆಸರು ಕೇಳಿ ಚಿನ್ ತಲೆಯೆತ್ತಿದಳು. ಲಾಯ್‌ಳ ಮುಖವನ್ನು ನೋಡಿದಳು. ಚೀಲದ ಮೇಲಿದ್ದ ಬೆರಳುಗಳು ಬಿಗಿಯಾದವು, ಆಮೇಲೆ ಸಡಿಲವಾದವು. ಅಲೆ ಬಂದು ಹೋಯಿತು, ಮತ್ತೆ ಬಂದು ಹೋಯಿತು. ಕೊನೆಗೆ ಚಿನ್ ಚೀಲವನ್ನು ನಿಧಾನವಾಗಿ ಲಾಯ್‌ಳ ಮಡಿಲಿಗೆ ಸರಿಸಿದಳು. ಅದು ಇಷ್ಟು ಹಗುರವಾಗಿರಬಹುದೆಂದು ಲಾಯ್ ಎಣಿಸಿರಲಿಲ್ಲ.

"ಮಕ್ಕಳು?" ಲಾಯ್ ಕೇಳಿದಳು.

"ಆಗಲಿಲ್ಲ."

ಆ ಒಂದು ಪದದಲ್ಲಿ ಎಷ್ಟು ವರ್ಷಗಳ ಚುಚ್ಚುಮಾತು ಸುಳ್ಳಾಯಿತು! ಆದರೆ ಅದರಿಂದ ಈಗ ಯಾರಿಗೆ ಏನಾಗಬೇಕಿತ್ತು...

ಮರುದಿನ ಬೆಳಿಗ್ಗೆ ಗುಂಪು ಈಜಾಡುತ್ತಿದ್ದ ಹೊತ್ತಿಗೆ ಲಾಯ್ ಅವಳನ್ನು ಮನೆಗೆ ಕರೆದೊಯ್ದಳು. ಮುದುಕಿ ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ದಕ್ಷಿಣದವಳ ಉಚ್ಚಾರಣೆ ಕಿವಿಗೆ ಬೀಳುತ್ತಲೇ ಅವಳ ಕೈ ನಿಂತಿತು. ಚೀಲವನ್ನು ನೋಡಿದಳು. ಎದ್ದು ಇಬ್ಬರನ್ನೂ ಒಳಗೆ ಕರೆದು ಬಾಗಿಲು ಹಾಕಿದಳು.

"ಯಾವಾಗ?" ಎಂದಳು. ಚಿನ್ ಹೇಳಿದಳು. ಮುದುಕಿ ನೆಲದ ಮೇಲೆ ಕುಳಿತು, ಚೀಲದಿಂದ ತೆಗೆದ ಮಣ್ಣಿನ ಗಡಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡಳು, ಜ್ವರ ಬಂದ ಕೂಸನ್ನು ಹಿಡಿದಂತೆ.

ಲಾಯ್ ಕಾದಳು. ಆರು ವರ್ಷ ಕಾದವಳು, ಇನ್ನೊಂದಿಷ್ಟು ಕಾದಳು. ಆಮೇಲೆ ಕೇಳಿದಳು, "ನಾನು ಬೇರೆ ಮದುವೆ ಆದೆ ಅಂದ್ರಾ ಅತ್ತೆ?"

"ಅಂದೆ."

"ನಾನು ಇದೇ ಅಡುಗೆಮನೇಲಿ ನಿಮಗೆ ಗಂಜಿ ಕಾಯಿಸ್ತಾ ಇದ್ದಾಗ?"

"ಐದು ಹೆಂಗಸರು ದಿನಾ ಈ ಬಾಗಿಲ ಮುಂದೆ ಹಾದು ಹೋಗ್ತಾರೆ," ಮುದುಕಿ ಗಡಿಗೆಯೊಂದಿಗೆ ಮಾತಾಡುವಂತೆ ಹೇಳಿದಳು. "ಅವರ ಗಂಡಂದಿರನ್ನ ಎಳ್ಕೊಂಡು ಹೋದವನು ಇವನು. ಇವನೊಬ್ಬ ಬದುಕಿದ್ದಾನೆ ಅಂತ ಗೊತ್ತಾಗಿದ್ರೆ? ನೀನು ಕಾಯ್ತಾ ಕೂತಿದ್ದೆ ನೋಡು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ."

"ನನಗೊಬ್ಬಳಿಗೆ ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಹೋಗ್ತಿದ್ದೆ."

"ಹೌದು. ಓಡಿ ಹೋಗ್ತಿದ್ದೆ."

"ಆಮೇಲೆ ನಾನು?"

ಲಾಯ್‌ಗೆ ಆಶ್ಚರ್ಯವಾದದ್ದು ತನಗೆ ಸಿಟ್ಟು ಬಾರದಿದ್ದದ್ದು. ಸಿಟ್ಟು ಬರಲು ಒಳಗೆ ಏನಾದರೂ ಉಳಿದಿರಬೇಕಲ್ಲ... ಬಾಗಿಲಾಚೆ ಬೀದಿಯಲ್ಲಿ ಯಾರದೋ ಚಪ್ಪಲಿಯ ಸದ್ದು ನಿಂತಿತು. ಸಾಲಿನ ಮೊದಲ ಗೋರಿಯವನ ಹೆಂಡತಿ, ತಿಥಿಯಲ್ಲಿ ಉಳಿದ ಅಂಟನ್ನದ ಕಡುಬು ತಂದಿದ್ದಳು. ಒಳಗಿದ್ದೀಯೇನೇ ಲಾಯ್ ಎಂದು ಕೂಗಿದಳು. ಬಾಗಿಲು ತೆಗೆದು ಒಂದು ಮಾತು ಹೇಳಿದರೆ ಸಾಕಿತ್ತು. ಮುದುಕಿಯ ಆರು ವರ್ಷ ಬೀದಿಗೆ ಬೀಳುತ್ತಿತ್ತು. ಆದರೆ ಆ ಮಾತು ಹೊರಬಿದ್ದರೆ ಈ ಗಡಿಗೆಗೆ ಈ ದ್ವೀಪದಲ್ಲಿ ಒಂದು ಹಿಡಿ ಮಣ್ಣೂ ಸಿಗುವುದಿಲ್ಲ. ಐವರ ಪಕ್ಕದಲ್ಲಿ ಅವನನ್ನು ಮಲಗಿಸಲು ಯಾವ ಹೆಂಗಸು ಒಪ್ಪಿಯಾಳು? ಮುದುಕಿ ಸೊಸೆಯ ಮುಖವನ್ನೇ ನೋಡುತ್ತಿದ್ದಳು. ಮದುವೆಯಾಗಿ ಬಂದಂದಿನಿಂದ ಮೊದಲ ಸಲ ಆ ಕಣ್ಣುಗಳು ಬೇಡುತ್ತಿದ್ದವು.

ಲಾಯ್ ಬಾಗಿಲನ್ನು ಅರ್ಧ ತೆರೆದು ಕಡುಬು ತೆಗೆದುಕೊಂಡಳು. "ಅತ್ತೆ ಒಪ್ಪಿದ್ರು," ಎಂದಳು. "ಗುರುಗಳಿಗೆ ಹೇಳಿ ಕಳಿಸ್ಬೇಕು. ಗೋರಿ ಮಾಡಿಸ್ತೀವಿ."

ಹೊರಗಿನವಳು ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡು ಸದ್ಯ, ದೇವರು ಬುದ್ಧಿ ಕೊಟ್ಟ ಎಂದು ಹೋದಳು.

ಮಧ್ಯಾಹ್ನದ ದೋಣಿಗೆ ಗುಂಪು ಹೊರಟಿತು. ಬರಿಗೈಯಲ್ಲಿ ಚಿನ್‌ಗೆ ನಿಲ್ಲಲೇ ಬರುತ್ತಿರಲಿಲ್ಲ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಯ ಮೇಲೆ ಕಟ್ಟಿಕೊಂಡಿದ್ದಳು. ಶ್ರಾದ್ಧದ ದಿನಕ್ಕಾದರೂ ಬರಲೇ ಎಂದು ಅವಳು ಕೇಳಲಿಲ್ಲ, ಬಾ ಎಂದು ಲಾಯ್ ಹೇಳಲಿಲ್ಲ. ಮಾಸ್ತರು ಹೆಂಡತಿಗೆ ಬೆಳ್ಳುಳ್ಳಿ ಗೊಂಚಲಿನ ಹಾರ ಹಾಕಿ ಎಲ್ಲರನ್ನೂ ನಗಿಸುತ್ತಿದ್ದ. ದೋಣಿ ತಿರುಗುವಾಗ ಚಿನ್ ಇತ್ತ ನೋಡಲಿಲ್ಲ.

ಗುರು ಬರುವ ಮುನ್ನ ಲಾಯ್ ಬೆಟ್ಟದಿಂದ ಜೇಡಿಮಣ್ಣು ತಂದಳು. ಹಿತ್ತಿಲಲ್ಲಿ ಒಬ್ಬಳೇ ಕೂತು, ಬೂದಿಯನ್ನು ಮಣ್ಣಿಗೆ ಸುರಿದು, ನೀರು ಚಿಮುಕಿಸಿ ಕಲಸಿದಳು. ಆರು ವರ್ಷದ ಮೇಲೆ ಗಂಡನನ್ನು ಮುಟ್ಟಿದ್ದು ಹಾಗೆ. ಬೆರಳ ಸಂದಿಯಲ್ಲಿ ಅವನು ತಣ್ಣಗಿದ್ದ. ಉಗುರಿನೊಳಗೆ ಸೇರಿಕೊಂಡ. ಕೈ ತೊಳೆಯಲು ಮನಸ್ಸು ಬಾರದೆ ಅವಳು ಬಹಳ ಹೊತ್ತು ಅಂಗೈಗಳನ್ನು ಮೇಲೆ ಮಾಡಿಕೊಂಡು ಕೂತಿದ್ದಳು. ಮಣ್ಣು ಒಣಗಿ ಬಿರಿಯಿತು.

ಐದು ಮನೆಯ ಹೆಂಗಸರೂ ತಲೆಗೆ ಸೂತಕದ ಬಿಳಿ ಪಟ್ಟಿ ಕಟ್ಟಿಕೊಂಡು ಬಂದರು. ಅಡುಗೆ ಮಾಡಿದವರು ಅವರು, ಮುದುಕಿಯನ್ನು ಹಿಡಿದು ನಡೆಸಿದವರು ಅವರು. ತಮ್ಮ ಗಂಡಂದಿರನ್ನು ಕಡಲಿಗೆ ಎಳೆದೊಯ್ದವನಿಗಾಗಿ ಎದೆ ಬಡಿದುಕೊಂಡು ಅತ್ತರು, ಒಳ್ಳೆಯ ಯಜಮಾನ, ನಮ್ಮವರನ್ನು ಬಿಟ್ಟು ಬರಲಿಲ್ಲ, ಕೊನೆವರೆಗೂ ಜೊತೆಗಿದ್ದ ಎಂದು. ಲಾಯ್ ಅದನ್ನೆಲ್ಲ ಕೇಳುತ್ತ ನಿಂತಳು. ಹೆಸರು ಕೂಗು ಎಂದು ಗುರು ಅವಳನ್ನು ಕಡಲಿನ ಕಡೆ ತಿರುಗಿಸಿದ. ಅವನು ಸತ್ತೇ ಇರದ ಆ ನೀರಿನ ಕಡೆಗೆ ಮುಖ ಮಾಡಿ ಅವಳು ಕೂಗಿದಳು. ಖಾಂಗ್, ಮನೆಗೆ ಬಾ... ಖಾಂಗ್... ದನಿ ನಡುಗಲಿಲ್ಲ. ಒಬ್ಬಳು ಅವಳ ಭುಜ ಹಿಡಿದು ಪಿಸುಗುಟ್ಟಿದಳು, "ಈಗಲಾದ್ರೂ ಅತ್ತುಬಿಡೇ. ಇನ್ನು ಯಾರೂ ಬೇಡ ಅನ್ನಲ್ಲ."

ಅವಳು ಪ್ರಯತ್ನಪಟ್ಟಳು. ಆದರೆ ಯಾರಿಗಾಗಿ ಅಳುವುದು? ಆರು ವರ್ಷದ ಹಿಂದೆ ಕಡಲಲ್ಲಿ ಸತ್ತವನಿಗಾಗಿಯೇ? ಅವನು ಸತ್ತೇ ಇರಲಿಲ್ಲ. ಹೋದ ತಿಂಗಳು ಸತ್ತವನಿಗಾಗಿಯೇ? ಅವನಿಗಾಗಿ ಅಳುವವಳು ಬೇರೆ ಊರಲ್ಲಿದ್ದಳು. ಗೋರಿಗೆ ಕೊನೆಯ ಸಲಿಕೆ ಮರಳು ಬಿತ್ತು. ಕೂತು ಅಳಲು ಜಾಗವೇನೋ ಸಿಕ್ಕಿತು. ಅವಳ ಕಣ್ಣು ಒಣಗಿಯೇ ಇತ್ತು.

ಎಲ್ಲರೂ ಹೋದ ಮೇಲೆ ಅತ್ತೆ ಸೊಸೆ ಊಟಕ್ಕೆ ಕೂತರು. ಮುದುಕಿ ಬಟ್ಟಲನ್ನು ಮುಟ್ಟಲಿಲ್ಲ.

"ಇನ್ನು ನಿನ್ನನ್ನ ಹಿಡಿದಿಡೋಕೆ ನನ್ನ ಹತ್ರ ಏನೂ ಇಲ್ಲ," ಎಂದಳು. "ಹೋಗೋದಾದ್ರೆ ಹೋಗು."

"ಎಲ್ಲಿಗೆ ಅತ್ತೆ?"

ಲಾಯ್ ಅದನ್ನು ಕೊಂಕಿನಿಂದ ಕೇಳಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು. ಮುದುಕಿ ತಲೆ ತಗ್ಗಿಸಿದಳು. ಅವಳ ಕಣ್ಣು ಮಂಜಾಗಿ ವರ್ಷವಾಗಿತ್ತು. ಲಾಯ್ ಮೀನನ್ನು ತನ್ನ ಕಡೆ ಎಳೆದುಕೊಂಡು, ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿ, ತುಂಡನ್ನು ಅತ್ತೆಯ ಬಟ್ಟಲಿಗೆ ಹಾಕಿದಳು.

"ತಿನ್ನಿ," ಎಂದಳು. "ಆರಿಹೋಗತ್ತೆ."