ಒಣಗಲು ಬಿಟ್ಟ ಒಂದು ಗಂಟೆ

ಸೋಮವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಡಿಎನ್‌ಎ ಲ್ಯಾಬಿನ ಮುಖ್ಯಸ್ಥೆ ಠಾಣೆಗೆ ಬಂದು ಟೈಪ್ ಮಾಡಿಸಿದ ದೂರನ್ನು ಇನ್ಸ್‌ಪೆಕ್ಟರ್ ಮುಂದಿಟ್ಟರು. ಒಂದು ಮಗುವಿನ ತಂದೆ ಯಾರೆಂದು ತಿಳಿಯಲು ಕೋರ್ಟ್ ಆದೇಶದಂತೆ ಪರೀಕ್ಷೆಗೆ ಬಂದ ಮೂರು ಮಾದರಿಗಳಲ್ಲಿ ಒಂದನ್ನು ಯಾರೋ ಬದಲಾಯಿಸಿದ್ದಾರೆ ಎಂಬುದು ದೂರು.

"ಅಪ್ಪನ ಹೆಸರಿನ ಕವರಿನಲ್ಲಿ ಹೆಂಗಸಿನ ಮಾದರಿ ಇದೆ," ಎಂದರು ಮೇಡಂ.

ಬರೆದುಕೊಳ್ಳುತ್ತಿದ್ದ ಮಹಿಳಾ ಪೇದೆ ತಲೆಯೆತ್ತಿದಳು. "ಅದು ಹೇಗೆ ಗೊತ್ತಾಗುತ್ತೆ ಮೇಡಂ?"

"ಗಂಡಸಿಗೆ ತಾಯಿಯಿಂದ ಒಂದು ಎಕ್ಸ್, ತಂದೆಯಿಂದ ಒಂದು ವೈ ಬರುತ್ತೆ. ಹೆಂಗಸಿಗೆ ಎರಡೂ ಎಕ್ಸೇ. ಲೋಳೆಯಂಥ ಜೆಲ್ ಮೇಲೆ ಮಾದರೀನ ಕರೆಂಟು ಹರಿಸಿ ಓಡಿಸಿದಾಗ ಗಂಡಸಿನ ಸಾಲಿನಲ್ಲಿ ಎರಡು ಪಟ್ಟೆ ಕಾಣುತ್ತೆ, ಹೆಂಗಸಿನದರಲ್ಲಿ ಒಂದೇ. ಇಲ್ಲಿ ಒಂದೇ ಇದೆ. ಮೂರು ಸಲ ಓಡಿಸಿ ನೋಡಿದೆ."

"ಯಾವ ಹೆಂಗಸು?" ಎಂದ ಇನ್ಸ್‌ಪೆಕ್ಟರ್.

"ಡಿಎನ್‌ಎ ಹೆಸರು, ವಿಳಾಸ ಬರ್ಕೊಂಡು ಬರಲ್ಲ ಸಾರ್. ಅದರ ಮಿಕ್ಕ ಜಾಗಗಳನ್ನೂ ಓದಿ ನಾಳೆ ಹೇಳ್ತೀನಿ."

ಹನ್ನೊಂದೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಮೂಲ ಕೇಸು ಊರಿಗೆಲ್ಲ ಗೊತ್ತಿದ್ದದ್ದೇ. ಬಟ್ಟೆ ಅಂಗಡಿಯ ಮಾಲೀಕ. ಅದೇ ಅಂಗಡಿಯಲ್ಲಿ ಗಿರಾಕಿಗಳಿಗೆ ಬಟ್ಟೆ ತೋರಿಸುತ್ತಿದ್ದ ಹೆಂಗಸು. ಮದುವೆಯಾಗುತ್ತೇನೆಂದು ನಂಬಿಸಿ, ಹೊಟ್ಟೆಯಲ್ಲಿ ಮಗು ಎಂದ ದಿನವೇ ಇವಳು ಯಾರೋ ನನಗೆ ಗೊತ್ತಿಲ್ಲ ಅಂದುಬಿಟ್ಟ ಪುಣ್ಯಾತ್ಮ. ಮಗಳಿಗೀಗ ಆರು ವರ್ಷ. ಶಾಲೆಯ ಅರ್ಜಿಯಲ್ಲಿ ತಂದೆ ಎಂಬ ಜಾಗ ಖಾಲಿ. ಶುಕ್ರವಾರ ಕೋರ್ಟಿನಲ್ಲಿ ವಿಚಾರಣೆ. ಅಷ್ಟರಲ್ಲಿ ನಿಜ ಹೊರಬರದಿದ್ದರೆ ಕೇಸು ಬಿದ್ದುಹೋಗುತ್ತದೆ, ತಾಯಿಗೆ ಸುಳ್ಳುಗಾತಿ ಎಂಬ ಹಣೆಪಟ್ಟಿ ಖಾಯಂ.

ಮಾದರಿ ತೆಗೆದ ಟೆಕ್ನಿಷಿಯನ್‌ನನ್ನು ಕರೆಸಿದ್ದು ಮಧ್ಯಾಹ್ನ ಎರಡಕ್ಕೆ.

"ತಾಯಿ, ಮಗು ಲ್ಯಾಬಿಗೇ ಬಂದು ಕೊಟ್ರು ಸಾರ್. ಮಾಲೀಕ್ರು ಬೆನ್ನು ನೋವು ಅಂತ ಸರ್ಟಿಫಿಕೇಟ್ ಕೊಟ್ಟಿದ್ರು. ಅದಕ್ಕೇ ಅವರ ಮನೆಗೆ ಹೋದೆ."

"ಎಷ್ಟು ಹೊತ್ತಿಗೆ?"

"ಮೂರನೇ ತಾರೀಕು, ಹನ್ನೊಂದು ಇಪ್ಪತ್ತಕ್ಕೆ. ಹತ್ತಿ ಕಡ್ಡೀಲಿ ಕೆನ್ನೆ ಒಳಗೆ ಉಜ್ಜಿ ತೆಗೆದೆ."

"ತಕ್ಷಣ ಸೀಲ್ ಮಾಡಿದ್ಯಾ?"

"ಹಸಿ ಕಡ್ಡೀನ ಕವರಿಗೆ ಹಾಕಿದ್ರೆ ಬೂಷ್ಟು ಹಿಡಿಯುತ್ತೆ ಸಾರ್. ಒಂದು ಗಂಟೆ ಒಣಗಿಸ್ಬೇಕು. ಊಟದ ಮೇಜಿನ ಮೇಲೆ ಲೋಟದಲ್ಲಿ ನಿಲ್ಲಿಸಿದ್ದೆ."

"ನೀನೆಲ್ಲಿದ್ದೆ?"

ಅವನ ದನಿ ಇಳಿಯಿತು. "ವರಾಂಡದಲ್ಲಿ. ಕಾಫಿ ಕೊಟ್ರು."

ಹೊಲಕ್ಕೆ ಕಾವಲು ಕೂರಿಸಿದರೆ ಇವನು ನೆರಳು ಹುಡುಕಿಕೊಂಡು ಹೋದ. ಬೈಯಬೇಕಾದ್ದನ್ನು ಬೈದು ಮುಗಿಸಿ ಇನ್ಸ್‌ಪೆಕ್ಟರ್ ಜೀಪು ಹತ್ತಿದ.

ಮೂರೂವರೆಗೆ ಮಾಲೀಕನ ಮನೆ. ಬೆನ್ನು ನೋವಿನವನು ಗೇಟಿನವರೆಗೆ ಚುರುಕಾಗಿ ನಡೆದು ಬಂದ. ಹಾಲಿನ ಮೂಲೆಯಲ್ಲಿ ಅವನ ತಾಯಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ದರ್ಜಿ ಕೆಲಸ ಮಾಡಿಯೇ ಒಬ್ಬನೇ ಮಗನನ್ನು ಸಾಕಿ, ಅಂಗಡಿ ಇಟ್ಟುಕೊಟ್ಟ ಹೆಂಗಸು. ಪೊಲೀಸರು ಬಂದರೂ ಕಾಲು ನಿಲ್ಲಿಸಲಿಲ್ಲ, ಯಂತ್ರ ಓಡುತ್ತಲೇ ಇತ್ತು.

"ನಿಮ್ಮ ಕಡ್ಡಿ ಬದಲಾಗಿದೆ. ಅದರಲ್ಲಿರೋದು ಹೆಂಗಸಿನ ಮಾದರಿ."

"ಹೆಂಗಸಾ?" ಎಂದ ಮಾಲೀಕ.

ಅಲ್ಲೇ ಜಾರಿದ. ಬದಲಾಗಿದೆ ಎಂಬುದು ಅವನಿಗೆ ಆಶ್ಚರ್ಯವೇ ಆಗಲಿಲ್ಲ, ಹೆಂಗಸು ಎಂಬುದೊಂದೇ ಆಯಿತು. ಪೇದೆ ಅದನ್ನು ಗುರುತು ಹಾಕಿಕೊಂಡಳು. ಆಮೇಲೆ ಅವನು ಮಗುವಿನ ತಾಯಿಯದೇ ಕೈವಾಡ ಎಂದು ಕೂಗಾಡಿದ. ಆಕೆ ಈ ಮನೆಯ ಹೊಸ್ತಿಲನ್ನೇ ತುಳಿದವಳಲ್ಲ.

ಪಂಚರ ಎದುರು ಮನೆ ಶೋಧಿಸಿದಾಗ ಅವನ ಮೇಜಿನ ಡ್ರಾಯರಿನಲ್ಲಿ ಅದೇ ಬಗೆಯ ಉದ್ದನೆಯ ಹತ್ತಿ ಕಡ್ಡಿಗಳ ಪ್ಯಾಕೆಟ್ ಸಿಕ್ಕಿತು. ಮೇಲೆ ಹತ್ತು ಎಂದು ಅಚ್ಚಾಗಿತ್ತು, ಒಳಗೆ ಎಂಟಿದ್ದವು. ಪಂಚನಾಮೆಯಲ್ಲಿ ಹಾಗೆಯೇ ಬರೆದುಕೊಂಡರು.

ಒಂದು ಕಡ್ಡಿಯ ಜಾಡು ಸಂಜೆ ಐದಕ್ಕೇ ಸಿಕ್ಕಿತು. ಕಾರಿನ ಡ್ರೈವರ್ ಎರಡನೇ ಪ್ರಶ್ನೆಗೇ ಬಾಯಿಬಿಟ್ಟ.

"ಬಾಯಲ್ಲಿ ಉಜ್ಜಿಕೊಡು ಅಂದ್ರು ಸಾರ್. ಹಲ್ಲಿನ ಪರೀಕ್ಷೆ ಅಂತ."

"ರಿಪೋರ್ಟ್ ಕೇಳಲಿಲ್ವೇನಯ್ಯ?"

"ಕೇಳಿದೆ. ಹಲ್ಲು ಗಟ್ಟಿಯಾಗಿವೆ ಅಂದ್ರು."

ಪೇದೆ ನಗು ತಡೆಯಲಾರದೆ ಹೊರಗೆ ಹೋದಳು. ಆದರೆ ಡ್ರೈವರ್ ಗಂಡಸು. ಲ್ಯಾಬಿಗೆ ಹೋಗಿದ್ದು ಹೆಂಗಸಿನ ಕಡ್ಡಿ. ಕಳ್ಳನ ಮೇಲೊಬ್ಬ ಕಳ್ಳ ಕೂತಿದ್ದಾನೆ ಎಂದಾಯಿತು.

ಮಂಗಳವಾರ ಹನ್ನೊಂದಕ್ಕೆ ಮೇಡಂ ಫೋನ್ ಮಾಡಿದರು. "ಸಾರ್, ಮಗುವಿಗೆ ಪ್ರತಿ ಜಾಗದಲ್ಲೂ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದಿರುತ್ತೆ. ತಾಯಿದನ್ನ ಕಳೆದ್ರೆ ಉಳಿಯೋದು ತಂದೆದು. ಇಪ್ಪತ್ತು ಜಾಗ ನೋಡಿದ್ವಿ. ಅಪ್ಪನ ಕಡ್ಡಿ ಆಗಿದ್ರೆ ಇಪ್ಪತ್ತೂ ಹೊಂದ್ಬೇಕಿತ್ತು. ಯಾರೋ ಬೇರೆಯವರದ್ದಾದ್ರೆ ನಾಲ್ಕೋ ಐದೋ. ಇದು ಹದಿಮೂರು ಹೊಂದುತ್ತೆ."

"ಅಂದ್ರೆ?"

"ತಂದೆ ಕಡೆ ಹತ್ತಿರದ ಸಂಬಂಧಿ ಅನ್ಸುತ್ತೆ. ಅಜ್ಜಿ, ಇಲ್ಲಾ ಸೋದರತ್ತೆ."

ಮಾಲೀಕನಿಗೆ ಅಕ್ಕತಂಗಿಯರಿಲ್ಲ. ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡ.

ಹನ್ನೆರಡಕ್ಕೆ ಆ ಮನೆಯಲ್ಲಿ ಅಜ್ಜಿ ಯಂತ್ರ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡರು.

"ನಿನ್ನೆಯೇ ಕೇಳ್ತೀರಿ ಅಂದ್ಕೊಂಡಿದ್ದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ ನೀವು."

"ಕಡ್ಡಿ ಬದಲಾಯಿಸಿದ್ದು ನೀವಾ ಅಮ್ಮ?"

"ನಾನೇ. ಮೊದಲು ಇವನು ಬದಲಾಯಿಸಿದ. ಮೂಲೇಲಿ ಕೂತ ಮುದುಕಿ ಕಣ್ಣಿಗೆ ಕಾಣಲ್ಲ ನೋಡಿ. ತನ್ನದನ್ನ ಜೇಬಿಗೆ ಹಾಕ್ಕೊಂಡು ಡ್ರೈವರಂದು ನಿಲ್ಲಿಸಿ ಹೋದ. ಅವನು ಆ ಕಡೆ ಹೋದ, ನಾನು ಈ ಕಡೆ ಎದ್ದೆ. ಅವನ ಪ್ಯಾಕೆಟ್ಟಿಂದಲೇ ಇನ್ನೊಂದು ಕಡ್ಡಿ ತಗೊಂಡು ನನ್ನ ಬಾಯಲ್ಲಿ ಉಜ್ಜಿ ನಿಲ್ಲಿಸಿದೆ."

ಅವರು ಹೊಲಿಗೆ ಡಬ್ಬಿ ತೆರೆದು, ಗುಂಡಿಗಳ ಅಡಿಯಿಂದ ಮಡಿಸಿದ ಕಾಗದದ ಪೊಟ್ಟಣ ತೆಗೆದರು. ಒಳಗೊಂದು ಕಡ್ಡಿ. "ಡ್ರೈವರಂದು. ಪ್ಲಾಸ್ಟಿಕ್ಕಲ್ಲಿ ಇಟ್ರೆ ಕೆಡುತ್ತೆ ಅಂತ ಆ ಲ್ಯಾಬಿನವನು ಹೇಳ್ತಿದ್ದ. ಕಾಗದದಲ್ಲಿಟ್ಟೆ."

"ನಿಮ್ಮದನ್ನ ಯಾಕೆ ಹಾಕಿದ್ರಿ?"

"ಅವನಿಗೆ ರಕ್ತ ಕೊಟ್ಟಿದ್ದು ನಾನಲ್ವಾ? ನಂದು ಹಾಕಿದ್ರೂ ಅವಂದೇ ಅಂತ ಬರುತ್ತೆ ಅಂದ್ಕೊಂಡೆ."

"ಹಾಗೆ ಬರಲ್ಲ ಅಮ್ಮ. ನಿಮ್ಮದು ಅರ್ಧ ಮಾತ್ರ ನಿಮ್ಮ ಮಗನಿಗೆ ಬಂದಿರೋದು. ಅದರಲ್ಲಿ ಸುಮಾರು ಅರ್ಧ ಮಗುವಿಗೆ. ಇಪ್ಪತ್ತು ಜಾಗದಲ್ಲಿ ಹದಿಮೂರೇ ಹೊಂದಿದ್ದು. ಅದಕ್ಕೇ ಸಿಕ್ಕಿಬಿದ್ರಿ."

ಅಜ್ಜಿ ಕನ್ನಡಕ ಮತ್ತೆ ಹಾಕಿಕೊಂಡರು. "ನಾನು ಸಿಕ್ಕಿಬಿದ್ದೆ ಅಂದ್ರೆ, ಮಗು ನಮ್ಮದೇ ಅಂತ ತಾನೆ?"

ಒಳಗಿನಿಂದ ಮಗ ಬುಸುಗುಡುತ್ತ ಬಂದ. "ಅಮ್ಮ, ಹೆತ್ತ ಮಗನ್ನ ಜೈಲಿಗೆ ಕಳಿಸ್ತೀಯಾ?"

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಮೂವತ್ತೆಂಟು ವರ್ಷ ಮುದ್ದು ಮಾಡಿದ್ದೀನಿ. ಹೆಗ್ಗಣ ಮನೆ ಬುಡಾನೇ ಕೊರೆದ್ರೆ ಇನ್ನೇನು ಮಾಡ್ಲಿ?"

ಹನ್ನೆರಡೂವರೆಗೆ ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಆರೋಪದ ಮೇಲೆ ಮಾಲೀಕನನ್ನು ಬಂಧಿಸಿದರು. ಅವನು ಜೀಪು ಹತ್ತಿದ ಮೇಲೆ ಇನ್ಸ್‌ಪೆಕ್ಟರ್ ತಗ್ಗಿದ ದನಿಯಲ್ಲಿ ಹೇಳಿದ, "ಅಮ್ಮ, ವಯಸ್ಸಾಗಿದೆ ನಿಮಗೆ. ನಿಮ್ಮನ್ನ ಬರೀ ಸಾಕ್ಷಿ ಅಂತ ಬರ್ಕೊಳ್ಳೋಕಾಗುತ್ತಾ ನೋಡ್ತೀನಿ. ಆ ಕಡ್ಡಿ ವಿಷಯ..."

"ಆ ಕಡ್ಡಿ ವಿಷಯ ಬಿಡ್ಬೇಡಿ." ಅಜ್ಜಿ ಎದ್ದು ನಿಂತಿದ್ದರು. "ನಾನೂ ಕೋರ್ಟಿಗೆ ಮೋಸ ಮಾಡಿದ್ದೀನಿ. ನನ್ನನ್ನ ಬಿಟ್ರೆ ಆ ಹದಿಮೂರು ಯಾರದ್ದು ಅಂತ ಬರೀತೀರಿ? ಅವನು ಇನ್ನೂ ಆರು ವರ್ಷ ಸಬೂಬು ಹೇಳ್ತಾನೆ. ನನ್ನ ಕಡ್ಡಿ ಇನ್ನೊಂದ್ಸಲ ತೆಗೆಸಿ, ನನ್ನದೇ ಅಂತ ಸೀಲ್ ಹಾಕಿ, ನನ್ನ ಮೇಲೂ ಕೇಸು ಹಾಕಿ. ಶುಕ್ರವಾರ ಜಡ್ಜ್ ಮುಂದೆ ಅದನ್ನೇ ಓದ್ಲಿ."

ಒಂದೂವರೆಗೆ ಠಾಣೆಯಲ್ಲಿ ಹೊಸ ಮಾದರಿ ತೆಗೆದರು. ಈ ಸಲ ಇಡೀ ಒಂದು ಗಂಟೆ ಪೇದೆ ಲೋಟದ ಪಕ್ಕದಿಂದ ಏಳಲಿಲ್ಲ. ಕಡ್ಡಿ ಒಣಗುತ್ತಿರುವಾಗಲೇ ಅಜ್ಜಿಯ ಬಂಧನದ ಫಾರಂ ತುಂಬಿಸತೊಡಗಿದಳು. ಜಾಮೀನು ಸಿಗುವ ಕಲಂ, ಸಂಜೆಯೇ ಮನೆಗೆ ಹೋಗಬಹುದು ಎಂದಳು. ಅಜ್ಜಿಗೆ ಅವಸರವಿರಲಿಲ್ಲ.

"ಆ ಮಗೂನ ನೋಡಿದ್ದೀರಾ ಅಜ್ಜಿ?"

"ಶಾಲೆ ಬಿಡೋ ಹೊತ್ತಿಗೆ, ರಸ್ತೆ ಆಚೆಯಿಂದ. ಮಾತಾಡಿಸೋಕೆ ನಾನ್ಯಾರು ಅಂತ ಹೇಳ್ಲಿ ತಾಯಿ?"

ಇನ್ಸ್‌ಪೆಕ್ಟರ್ ಕೇಸ್ ಡೈರಿಯಲ್ಲಿ ಬರೆದ: ಎರಡನೇ ಆರೋಪಿ, ವಯಸ್ಸು ಅರವತ್ತೇಳು, ದರ್ಜಿ. ಕೃತ್ಯಕ್ಕೆ ಕಾರಣ, ಮಗುವನ್ನು ಮಾತಾಡಿಸುವ ಹಕ್ಕು.

ಪೇದೆ ಕೊನೆಯ ಸಾಲಿಗೆ ಬಂದಿದ್ದಳು. "ಮೂಲ ಕೇಸಿನ ಮಗುವಿಗೂ ನಿಮಗೂ ಸಂಬಂಧ?"

"ಅಜ್ಜಿ," ಎಂದರು ಆಕೆ. "ದಪ್ಪ ಅಕ್ಷರದಲ್ಲಿ ಬರಿ."